ಹಗುರ ಚೀಲ

ಹಡಗು ದಡ ಮುಟ್ಟಿದ ಏಟಿಗೆ ಸಿಗ್ರಿಡ್ ಎಚ್ಚರಗೊಂಡಳು. ಹಡಗಿನ ಹೊಟ್ಟೆಯಲ್ಲಿ ನಿಂತಿದ್ದ ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಪಕ್ಕದ ಸೀಟು ಖಾಲಿ. ಹಡಗಿನಂಗಡಿಯ ಬಿಸಿ ಸ್ವೇಲೆ ಎಂಬ ಸಿಹಿದೋಸೆ ತಿನ್ನದೆ ಫ್ಯೋರ್ಡ್ ಕೊಲ್ಲಿ ದಾಟುವ ಗಂಡಸಲ್ಲ ಅವಳ ಗಂಡ ಹಾಲ್ವರ್.

“ನನ್ನ ಗಂಡ ಇನ್ನೂ ಬಂದಿಲ್ಲ, ನಿಲ್ಲಿಸಿ!”

“ಹಿಂದೆ ಕಾರಿನೋರು ಬಾಯಿಗೆ ಬಂದಂಗೆ ಬೈತಾರೆ. ದಡದಲ್ಲಿ ನಿಲ್ಲಿಸ್ತೀನಿ,” ಎಂದ ಚಾಲಕ ಬಸ್ಸನ್ನು ಹೊರಗೆ ಬಿಟ್ಟೇಬಿಟ್ಟ.

ಹಾಲ್ವರನ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಇದೇ ಮೊದಲ ಪ್ರವಾಸ. ಅವನು ಭಾರ ಎತ್ತಬಾರದೆಂದು ತಲೆಗೊಂದೇ ಚೀಲ ಹಿಡಿದು, ರೈಲು, ಬಸ್ಸು, ಹಡಗು ಎಂದು ಹೊರಟಿದ್ದರು. ಅದರಲ್ಲೂ ಅವನ ಬೂಟು, ಫ್ಲಾಸ್ಕು, ಉಣ್ಣೆಬಟ್ಟೆಗಳನ್ನು ಸಿಗ್ರಿಡ್ ಕದ್ದುಮುಚ್ಚಿ ತನ್ನ ಚೀಲಕ್ಕೇ ತುರುಕಿಕೊಂಡಿದ್ದಳು. ಇಳಿದು ಹುಡುಕಲೆಂದು ಆ ಚೀಲವನ್ನು ಬಲವಾಗಿ ಎಳೆದಳು. ಅದು ಹಾರಿಬಂದು ಅವಳ ಎದೆಗೆ ಬಡಿಯಿತು. ಒಳಗೆ ಏನೂ ಇರಲಿಲ್ಲ. ಅವನ ಚೀಲವಂತೂ ಅಲ್ಲಿ ಇರಲೇ ಇಲ್ಲ. ಅಷ್ಟನ್ನೂ ಹೊತ್ತು ಮೇಲಿನ ಅಂಗಡಿಗೆ ಹೋಗುವ ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿದನೇ?

ದಡದ ನಿಲ್ದಾಣದಲ್ಲಿ, ನಡೆದು ಇಳಿಯುವವರ ಜೊತೆ ಮೊದಲೇ ಇಳಿದು, ಯಾರೋ ಹೊಸ ಪ್ರಯಾಣಿಕನಂತೆ, ಹಾಲ್ವರ್ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಬೆನ್ನ ಮೇಲೆ ಉಬ್ಬಿದ ಚೀಲ, ಕೈಯಲ್ಲಿ ಕಾಗದ ಸುತ್ತಿದ ಸ್ವೇಲೆ. ಏದುಸಿರು ಬಿಡುತ್ತ ಪಕ್ಕದಲ್ಲಿ ಕುಸಿದು ಕೂತ.

“ಕದ್ದು ತುರುಕೋದು ನಿನಗೊಬ್ಬಳಿಗೇ ಬರುತ್ತಾ? ಬೈಬೇಡ, ಮೊದಲು ತಿನ್ನು. ಆರಿಹೋಗುತ್ತೆ.”

ಅವಳು ಬೈಯಲಿಲ್ಲ. ಅವನ ಸ್ವೆಟರಿನೊಳಗೆ ಅಂಗೈ ತೂರಿಸಿ ಎದೆಗೆ ಒತ್ತಿ ಹಿಡಿದಳು. ಬಡಿತ ಜೋರಾಗಿತ್ತು, ಆದರೆ ಒಮ್ಮೆಯೂ ತಪ್ಪಲಿಲ್ಲ.

“ಇಳಿಯುವಾಗ ನನ್ನ ಚೀಲಾನೂ ನೀನೇ ಎತ್ಕೋ,” ಎಂದು ಸ್ವೇಲೆಗೆ ಬಾಯಿ ಹಾಕಿದಳು.