ಉಳಿದ ಒಂದು ಹೆಸರು

ನನ್ನ ಗಂಡ ಉದಯಶಂಕರನ ವೈಕುಂಠ ಸಮಾರಾಧನೆಯ ಮರುದಿನ ನಾನು ನೋಂದಣಿ ಕಚೇರಿಗೆ ಹೋದೆ. ನಮ್ಮಲ್ಲಿ ಸತ್ತವರ ದನಿ ಉಳಿಯುತ್ತದೆ. ಒಬ್ಬ ಮನುಷ್ಯನಿಗೆ ಒಂದೇ ಸಂಖ್ಯೆ. ಬದುಕಿದ್ದಾಗಲೋ ಸತ್ತ ಮೇಲೋ ಆ ಸಂಖ್ಯೆಗೆ ಯಾರು ಯಾರು ತಾವು ಅವನನ್ನು ಕರೆಯುವ ಹೆಸರು ಕಟ್ಟಿದ್ದಾರೋ ಅವರ ಮನೆಗಳಲ್ಲೆಲ್ಲ ಅವನು ಮಾತಾಡುತ್ತಾನೆ. ಕೊನೆಯ ಹೆಸರನ್ನೂ ಬಿಚ್ಚಿದ ಮೇಲೆಯೇ ಅವನಿಗೆ ಬಿಡುಗಡೆ.

ಅತ್ತೆ ಮೊದಲೇ ಬಿಚ್ಚಿದ್ದರು. "ನೀನೊಬ್ಬಳು ಹಿಡ್ಕೊಂಡು ಕೂತ್ರೆ ಅವನು ಹೋಗೋದು ಹೇಗಮ್ಮ?" ಎಂದಿದ್ದರು. ಬೆಳಿಗ್ಗೆ ಅವನ ದನಿಯನ್ನು ಕೊನೆಯ ಸಲ ಕೇಳಿಸಿಕೊಂಡು ಬಂದು, ನಾನು ಕಟ್ಟಿದ್ದ ಹೆಸರನ್ನೂ ಬಿಚ್ಚಲು ರುಜು ಹಾಕಿದೆ.

ಗುಮಾಸ್ತೆ ನೀಲಗಂಗಮ್ಮ ಪರದೆ ನೋಡಿದರು. "ಇನ್ನೂ ಒಂದು ಹೆಸರಿದೆಯಲ್ಲಮ್ಮ."

"ಅತ್ತೆಯದು ಇನ್ನೂ ಅಳಿಸಿಲ್ಲವೇನೋ."

"ಅವರದು ಹೋಗಿದೆ. ಇದು ಬೇರೆ ಮನೆಯದು. ಕಟ್ಟಿ ಮೂರು ವರ್ಷ ಆಯ್ತು."

"ಏನು ಹೆಸರು?"

ಆಕೆ ನನ್ನ ಮುಖ ನೋಡದೆ ಓದಿದರು. "ಅಪ್ಪ."

ನಮ್ಮ ಮದುವೆಯಾಗಿ ಐದು ವರ್ಷ. ಮಕ್ಕಳಿಲ್ಲ.

"ಅದನ್ನ ನಾನು ಬಿಚ್ಚಬಹುದಾ?"

"ಇದು ತಾಯಿ ಮಗೂ ಪರವಾಗಿ ಕಟ್ಟಿಸಿದ್ದು, ಮಗೂನೇ ಬಿಚ್ಚಬೇಕು. ಮಗೂಗೆ ಈಗ ನಾಲ್ಕು. ಹದಿನೆಂಟು ತುಂಬದೆ ರುಜು ನಡೆಯಲ್ಲ."

ಇನ್ನು ಹದಿನಾಲ್ಕು ವರ್ಷ ಅವನು ಆ ಮನೆಯಲ್ಲಿ ಮಾತಾಡುತ್ತಾನೆ. ಅವನು ಹೋಗಲಿ ಎಂದು ನಾನು ನನ್ನ ಮನೆಯನ್ನು ಮೌನ ಮಾಡಿಕೊಂಡು ಬಂದಿದ್ದೆ.

ನೀಲಗಂಗಮ್ಮ ಹೊಸ ಅರ್ಜಿಯೊಂದನ್ನು ನನ್ನ ಕಡೆ ಸರಿಸಿದರು. "ಸಂಖ್ಯೆ ಇನ್ನೂ ಇದೆ ತಾಯಿ. ಬೇಕಿದ್ರೆ ಮತ್ತೆ ಕಟ್ಟಿಸ್ಕೊಳ್ಳಿ, ಸಂಜೆಯೊಳಗೆ ದನಿ ಬರುತ್ತೆ. ಏನಂತ ಕರೀತೀರಿ, ಬರೀರಿ."

ಪೆನ್ನು ಎತ್ತಿಕೊಂಡೆ. ಹಿಂದಿದ್ದವರು ಗೊಣಗತೊಡಗಿದರು. ಅವನನ್ನು ಕರೆಯಲು ನನ್ನಲ್ಲಿ ಈಗ ಒಂದು ಹೆಸರೂ ಉಳಿದಿರಲಿಲ್ಲ.