ಟೈಲ್ಸ್ ಮೇಲಿನ ಬಿಂದಿ

ಎರಡನೇ ಹೆಂಡತಿಯಾಗಿ ಆ ಮನೆಗೆ ಬಂದ ತಿಂಗಳೊಳಗೆ ಅವಳು ಬಚ್ಚಲನ್ನು ಮೂರು ಸಲ ತಿಕ್ಕಿ ತೊಳೆದಿದ್ದಳು. ಸೋಡಾಪುಡಿಗೆ ನಿಂಬೆರಸ ಕಲಸಿ, ಹಳೇ ಟೂತ್‌ಬ್ರಷ್ಷಿನಲ್ಲಿ ಟೈಲ್ಸ್ ಸಂದಿನ ಕಪ್ಪನ್ನೆಲ್ಲ ತೆಗೆದಿದ್ದಳು. ಹೋಗದೆ ಉಳಿದದ್ದು ನಲ್ಲಿಯ ಮೇಲ್ಗಡೆ ಗೋಡೆಗೆ ಅಂಟಿದ್ದ ಮರೂನ್ ಬಿಂದಿಯೊಂದೇ. ಇವತ್ತು ಕಿತ್ತೆಸೆದರೆ ನಾಳೆ ಅದೇ ಜಾಗದಲ್ಲಿ ಇನ್ನೊಂದು. ಅವಳಂತೂ ಕುಂಕುಮ ಬಿಟ್ಟು ಬೇರೇನೂ ಇಟ್ಟವಳಲ್ಲ.

"ಅತ್ತೆ, ಅಕ್ಕ ಇಂಥದ್ದೇ ಬಿಂದಿ ಇಡ್ತಿದ್ರಾ?"

ಗಂಡನ ತೀರಿಹೋದ ಮೊದಲ ಹೆಂಡತಿಯನ್ನು ಅವಳು ಅಕ್ಕ ಎಂದೇ ಅನ್ನುತ್ತಿದ್ದಳು.

"ಹೂಂ ಕಣಮ್ಮ. ಮುತ್ತೈದೆಯಾಗಿ ಹೋದ ಪುಣ್ಯವಂತೆ, ನನ್ನ ಹಾಗಲ್ಲ. ಬಿಂದಿ ಅಂದ್ರೆ ಬಲು ಆಸೆ ಅವಳಿಗೆ. ಕೀಳ್ಬೇಡ, ಇದ್ದುಕೊಂಡು ಹೋಗ್ಲಿ ಬಿಡು."

ಅಂದಿನಿಂದ ಅವಳು ಬಾಗಿಲು ತೆರೆದಿಟ್ಟುಕೊಂಡೇ ಬಚ್ಚಲು ತಿಕ್ಕುತ್ತಿದ್ದಳು. ಆದರೂ ಬೆನ್ನ ಹಿಂದೆ ಯಾರೋ ನಿಂತು, ತಮ್ಮ ಸರದಿಗೆ ಕಾಯುತ್ತಿರುವಂತೆ ಅನಿಸುತ್ತಿತ್ತು.

ಈ ಭಾನುವಾರ ಬೆಳಿಗ್ಗೆ ಹಾಲು ಉಕ್ಕಿ ಸೀದ ವಾಸನೆಗೆ ಅತ್ತೆ ಸ್ನಾನದಿಂದ ಗಡಿಬಿಡಿಯಲ್ಲಿ ಹೊರಬಂದು, ನೇರ ಅಡುಗೆಮನೆಗೆ ಓಡಿದರು. ಅವಳು ಬ್ರಷ್ ಹಿಡಿದು ಬಚ್ಚಲಿಗೆ ಹೋದಳು. ಗೋಡೆ ಖಾಲಿ. ನಾಲ್ಕೂ ಕಡೆ ಹುಡುಕಿದಳು, ಎಲ್ಲೂ ಇರಲಿಲ್ಲ.

"ಅತ್ತೆ, ಇವತ್ತು ಬಿಂದಿ ಇಲ್ಲ!" ಎನ್ನುತ್ತಾ ಅಡುಗೆಮನೆಗೆ ಓಡಿದಳು.

"ಸದ್ಯ! ಅವಳ ಆಸೆ ತೀರ್ತು ಅನ್ಸುತ್ತೆ ಕಣಮ್ಮ," ಎಂದು ಅತ್ತೆ ಉಕ್ಕಿದ ಹಾಲು ಒರೆಸಿ, ಒದ್ದೆ ಕೂದಲು ಹಿಂದಕ್ಕೆ ತಳ್ಳಿಕೊಂಡು ಇತ್ತ ತಿರುಗಿದರು. ಮಾವ ಹೋದಾಗಿನಿಂದ ಬರಿದಾಗಿದ್ದ ಆ ಹಣೆಯ ನಡುವೆ ಮರೂನ್ ಬಿಂದಿ ಅಂಟಿಕೊಂಡಿತ್ತು.