ಹನ್ನೆರಡು ಮೀಟರಿನ ತಾಯಿ

ಬಲೆಯ ಹಗ್ಗ ಸುತ್ತಿಕೊಂಡು ನರಳುವ ತಿಮಿಂಗಿಲಗಳು ಪೂರ್ತಿ ಬೆಳೆಯದೆ ಗಿಡ್ಡವಾಗುತ್ತಿವೆ, ಗಿಡ್ಡ ತಾಯಂದಿರು ಮರಿ ಹಾಕುವುದು ತೀರ ಅಪರೂಪ ಎಂದು ಮೀನುಗಾರಿಕೆ ಇಲಾಖೆಯ ವಿಜ್ಞಾನಿ ಮಂದಾಕಿನಿ ಏಳು ವರ್ಷ ಅಳೆದು ವರದಿ ಬರೆದಿದ್ದಳು. ಹಗ್ಗ ತೆಗೆಸದಿದ್ದರೆ ಸಂತತಿಯೇ ಉಳಿಯುವಂತಿರಲಿಲ್ಲ.

ಇಲಾಖೆಯ ನಿರ್ದೇಶಕರು ಓದಿ ನಕ್ಕರು. “ನಮ್ಮಮ್ಮ ನಾಲ್ಕೂವರೆ ಅಡಿ ಕಣ್ರೀ. ಎಂಟು ಹೆತ್ತಿದ್ದಾಳೆ!”

“ಅವರ ಮೈಗೆ ಯಾರೂ ಹಗ್ಗ ಸುತ್ತಿರಲಿಲ್ಲ, ಸಾರ್.”

ನಿರ್ದೇಶಕರ ನಗು ಇಂಗಿತು. “ಪೂರ್ತಿ ಬೆಳೆದದ್ದು ಎಷ್ಟುದ್ದ ಇರಬೇಕು?”

“ಹನ್ನೆರಡು ಮೀಟರ್, ಸಾರ್. ನಮ್ಮದೇ ಕೈಪಿಡಿಯಲ್ಲಿದೆ. ಈಗಿನವು ಹತ್ತೇ.”

“ಅಷ್ಟೇ ತಾನೆ? ಸೋಮವಾರದ ಹೊತ್ತಿಗೆ ನಿಮ್ಮ ತಿಮಿಂಗಿಲ ಒಂದೂ ಗಿಡ್ಡ ಇರಲ್ಲ, ಹೋಗಿ.”

ಸೋಮವಾರ ಅವರು ಮಾತು ಉಳಿಸಿಕೊಂಡಿದ್ದರು. ಕಡಲಲ್ಲಿ ಹಗ್ಗಗಳು ಇದ್ದಲ್ಲೇ ಇದ್ದವು. ಕೈಪಿಡಿಯಲ್ಲಿ ಮಾತ್ರ ಹನ್ನೆರಡನ್ನು ಹೊಡೆದುಹಾಕಿ ಹತ್ತು ಎಂದು ಬರೆದಿತ್ತು.